ದಡದಲ್ಲಿ ನಿಲ್ಲುವ ಪಾತ್ರ

ಜನವರಿ 9

ಚೂಟಿ,

ನಿಂತಿದ್ದರೆ ಕೂತುಕೋ, ಕೂತಿದ್ದರೆ ಗಟ್ಟಿಯಾಗಿ ಕೂತುಕೋ. ನಿನ್ನಪ್ಪನ ಪಾತ್ರ ಬದಲಾಗಿದೆ! ಇಷ್ಟು ವರ್ಷ ಊರೂರಿಗೆ ಹೋಗಿ ಪ್ರೀತಿಸಿ ಪ್ರೀತಿಸಿ ಸಾಯುತ್ತಿದ್ದ ನನ್ನನ್ನು ನಾಟಕ ಕಂಪನಿಯ ಮಾಲೀಕರು ಕೊನೆಗೂ ದೋಣಿಯಿಂದ ಇಳಿಸಿದ್ದಾರೆ. "ನಿಮ್ಮ ಹೊಟ್ಟೆ ನೋಡಿದ್ರೆ ಈ ದೋಣಿ ಮುಳುಗೋಕೆ ಪ್ರವಾಹ ಯಾಕೆ ಬೇಕು ಅಂತ ಜನ ಕೇಳ್ತಾರೆ ಕಣ್ರೀ" ಅಂದರು. ಎಲ್ಲರ ಎದುರಿಗೇ ಅಂದರು. ರೇಗಬೇಕು ಅಂತ ಎದ್ದವನು, "ಇನ್ಮೇಲೆ ನೀವು ನಾಯಕಿಯ ಅಪ್ಪ" ಅಂದ ಕೂಡಲೇ ಮತ್ತೆ ಕೂತುಬಿಟ್ಟೆ. ಆ ನಾಟಕದ ನಿಜವಾದ ಪಾತ್ರ ಅದೇ ಅಂತ ನನಗೆ ಮೊದಲಿನಿಂದಲೂ ಗೊತ್ತಿತ್ತು. ಹೊಟ್ಟೆ ಬರುವುದೊಂದು ಬಾಕಿಯಿತ್ತು.

ನೀನು ಚಿಕ್ಕವಳಿದ್ದಾಗ ನೋಡಲು ಬಂದು ಅರ್ಧದಲ್ಲೇ ನಿದ್ದೆ ಹೋಗಿದ್ದವಳು. ಅದಕ್ಕೇ ಕಥೆ ಹೇಳುತ್ತೇನೆ. ನಾಯಕಿಯ ಅಪ್ಪ ದೋಣಿ ಮಾಡುವವನು. ಮಗಳು ಆಚೆ ದಡದ ಹುಡುಗನನ್ನು ಮೆಚ್ಚಿದ್ದಾಳೆ, ಇವನು ಒಪ್ಪುತ್ತಿಲ್ಲ. ಹೊಳೆ ತುಂಬಿ ಹರಿಯುವ ಒಂದು ಸಂಜೆ ಅವರಿಬ್ಬರೂ ಇವನದೇ ದೋಣಿ ಬಿಚ್ಚಿಕೊಂಡು ಹೊರಟುಬಿಡುತ್ತಾರೆ. ಆಮೇಲೆ ಇವನ ಮನಸ್ಸು ಕರಗುತ್ತದೆ. ದಡಕ್ಕೆ ಓಡಿ ಬಂದು, "ಒಪ್ಪಿದ್ದೇನೆ ಮಕ್ಕಳೇ, ದಡಕ್ಕೆ ಬನ್ನಿ!" ಅಂತ ಕೂಗುತ್ತಾನೆ. ದಡಕ್ಕೆ ಬರುವುದು ಖಾಲಿ ದೋಣಿ. ಪರದೆ.

ಆದರೆ ಮಜಾ ಇರುವುದು ಮೊದಲ ಅಂಕದಲ್ಲಿ. ಇನ್ನೂ ಎಲ್ಲರೂ ನಗುನಗುತ್ತಾ ಇರುವಾಗ ಈ ಅಪ್ಪ ದೋಣಿಯ ತಳ ತಟ್ಟಿ ನೋಡಿ, "ಇದಕ್ಕೆ ಇನ್ನೊಂದು ಕೈ ಡಾಂಬರು ಬಳೀಬೇಕು. ಇರಲಿ, ನಾಳೆ ನೋಡೋಣ" ಅಂತ ಊಟಕ್ಕೆ ಎದ್ದು ಹೋಗುತ್ತಾನೆ. ಅಷ್ಟೇ. ರಂಗದ ಮೇಲೆ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಕೆಳಗೆ ಕೂತ ಜನರ ಉಸಿರು ಮಾತ್ರ ಸಿಕ್ಕಿಕೊಳ್ಳುತ್ತದೆ! ನಾನು ತಾಲೀಮಿನಲ್ಲಿ ಆ ಮಾತನ್ನು ಒತ್ತಿ ಒತ್ತಿ ಹೇಳಿದೆ. ಮಾಲೀಕರು ತಲೆ ಚಚ್ಚಿಕೊಂಡರು. "ಒತ್ತಿ ಹೇಳಿದ್ರೆ ಅದು ಜ್ಯೋತಿಷ್ಯ ಆಗುತ್ತೆ. ಹಗುರವಾಗಿ ಹೇಳ್ರೀ, ಆಗ ಅದು ವಿಧಿ ಆಗುತ್ತೆ." ಎಂಥ ಮಾತು! ಬೆಳಗ್ಗೆಯಿಂದ ಹಲ್ಲುಜ್ಜುವಾಗಲೂ ಹಗುರವಾಗಿ ಹೇಳಿ ಅಭ್ಯಾಸ ಮಾಡುತ್ತಿದ್ದೇನೆ.

ಅಮ್ಮನಿಗೆ ಹೇಳು, ನಾನು ಇನ್ನು ಸಾಯುವುದಿಲ್ಲ ಅಂತ.

ದಡದಿಂದ,
ಅಪ್ಪ


ಜನವರಿ 21

ಅಪ್ಪಾ,

ಅಮ್ಮನಿಗೆ ಹೇಳಿದೆ. "ಸದ್ಯ, ಇನ್ನು ಮೇಲೆ ಒದ್ದೆ ಬಟ್ಟೆ ಒಗೆಯೋ ಕೆಲಸ ತಪ್ಪಿತು" ಅಂದಳು. ಸಂತೋಷವಾಗಿದೆ ಅಂತ ಅರ್ಥ.

ಈಗ ನನ್ನ ಸುದ್ದಿ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಓಡಿದರೆ ಬೈಯಬೇಡ.

ಹಳೆಯ ಅಂಗಡಿ ಕಟ್ಟಡದ ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿದೆ ಅಂತ ನಮ್ಮ ಆಫೀಸಿಗೆ ಕರೆ ಬಂತು. ಒಳಗೆ ಒಬ್ಬ ಸಿಕ್ಕಿಕೊಂಡಿದ್ದ. ದೀಪ ಆರಿತ್ತು, ಗಂಟೆ ಕೆಟ್ಟಿತ್ತು. ನಾನು ಮೇಲಿನ ಮಹಡಿಯ ಬಾಗಿಲು ತೆಗೆದು, ಪೆಟ್ಟಿಗೆಯ ನೆತ್ತಿಯ ಮೇಲಿಳಿದು, ಮುಚ್ಚಳ ತಟ್ಟಿದೆ. ಒಳಗಿನಿಂದ ಒಂದು ಧ್ವನಿ ಬಹಳ ಮರ್ಯಾದೆಯಿಂದ, "ಮೇಲಿರೋದು ಯಾರು?" ಅಂತ ಕೇಳಿತು. "ರಿಪೇರಿಯವಳು" ಅಂದೆ. "ಓ, ಸದ್ಯ. ಯಮ ಅಂದ್ಕೊಂಡಿದ್ದೆ" ಅಂತು ಧ್ವನಿ.

ಅಪ್ಪಾ, ನಾನು ಕತ್ತಲಲ್ಲಿ ಒಬ್ಬಳೇ ಬಿದ್ದು ಬಿದ್ದು ನಕ್ಕೆ. ಯಂತ್ರದ ಕೋಣೆಗೆ ಹತ್ತಿ, ಬ್ರೇಕ್ ಸಡಿಲಿಸಿ, ಚಕ್ರವನ್ನು ಕೈಯಲ್ಲೇ ತಿರುಗಿಸಿ ಪೆಟ್ಟಿಗೆಯನ್ನು ಮಹಡಿಯ ಮಟ್ಟಕ್ಕೆ ತಂದೆ. ಬಾಗಿಲು ತೆಗೆದರೆ, ತಟ್ಟೆಯ ತುಂಬ ಕನ್ನಡಕದ ಗಾಜು ಹಿಡಿದುಕೊಂಡ ಒಬ್ಬ ತೆಳ್ಳನೆಯ ಮನುಷ್ಯ. ಮೂರನೇ ಮಹಡಿಯಲ್ಲಿ ಕನ್ನಡಕ ಮಾಡುವವನು. ಒಂದು ಗಾಜು ಬಿದ್ದು ಒಡೆದಿತ್ತು, ಅವನು ಅದರ ಚೂರುಗಳನ್ನು ಕತ್ತಲಲ್ಲೇ ತಡಕಿ ಕರವಸ್ತ್ರದಲ್ಲಿ ಕಟ್ಟಿಟ್ಟಿದ್ದ. ಬರುವವರ ಕಾಲಿಗೆ ಚುಚ್ಚಬಾರದು ಅಂತ. ನನಗೆ ಅಲ್ಲೇ ಇಷ್ಟವಾಗಿಬಿಟ್ಟ.

ಆಮೇಲೆ ನನ್ನ ಕಣ್ಣು ಪರೀಕ್ಷೆ ಮಾಡುವ ನೆಪ. ಗೋಡೆಯ ಪಟ್ಟಿಯಲ್ಲಿ ಕೊನೆಯ ಸಾಲು ನನಗೆ ಓದಲಾಗಲಿಲ್ಲ. ಆ ನೆಪದಲ್ಲೇ ಮತ್ತೆ ಬರಹೇಳಿದ. ಹೋದೆ. ಮತ್ತೂ ಹೋದೆ. ಈಗ ಅವನು ಮದುವೆಯಾಗೋಣ ಅಂದಿದ್ದಾನೆ, ನಾನು ಅಪ್ಪನನ್ನು ಕೇಳಬೇಕು ಅಂದಿದ್ದೇನೆ. ಇದೋ ಕೇಳಿದೆ!

ಒಂದೇ ಉಸಿರಿನಲ್ಲಿ ಬರೆದವಳು,
ಚೂಟಿ


ಜನವರಿ 28

ಚೂಟಿ,

ನಿನ್ನ ಪತ್ರ ಓದಿದೆ. ಓದಿ ಎದೆ ಹಿಡಿದುಕೊಂಡು ಬಣ್ಣದ ಪೆಟ್ಟಿಗೆಯ ಮೇಲೆ ಕೂತೆ. ಮಗಳೇ, ನಾನು ಹುಟ್ಟಿದಾರಭ್ಯ ಇಂಥ ನಾಟಕಗಳಲ್ಲೇ ಬದುಕಿದವನು. ಮೊದಲ ಅಂಕವನ್ನು ದೂರದಿಂದಲೇ ಗುರುತಿಸುತ್ತೇನೆ.

ನೀನೇ ನೋಡು. ಮೇಲೂ ಅಲ್ಲ ಕೆಳಗೂ ಅಲ್ಲದ ಜಾಗದಲ್ಲಿ ಭೇಟಿ. ಆರಿದ ದೀಪ. ಬಾರಿಸಿದರೂ ಕೇಳದ ಗಂಟೆ. ಒಡೆದ ಗಾಜು. ಅವನ ಬಾಯಲ್ಲಿ ಬಂದ ಮೊದಮೊದಲ ಮಾತುಗಳಲ್ಲೇ ಯಮನ ಹೆಸರು! ಅದೂ ಹೇಗೆ, ತಮಾಷೆಗೆ, ಹಗುರವಾಗಿ. ಮಾಲೀಕರು ಹೇಳಿದ್ದು ಇದನ್ನೇ. ಇನ್ನು ಆ ಕೊನೆಯ ಸಾಲು. ಕೊನೆಯ ಸಾಲು ಕಾಣಿಸಲಿಲ್ಲ ಅಂತ ನೀನು ನಗುತ್ತಾ ಬರೆದಿದ್ದೀಯಲ್ಲ, ನಾಯಕಿಯರೆಲ್ಲ ಹೀಗೇ ನಗುತ್ತಾರೆ. ಕೆಳಗೆ ಕೂತವರ ಉಸಿರು ಸಿಕ್ಕಿಕೊಳ್ಳುತ್ತದೆ.

ಹುಡುಗ ಕೆಟ್ಟವನು ಅಂತ ನಾನು ಹೇಳುತ್ತಿಲ್ಲ. ದುರಂತದಲ್ಲಿ ಹುಡುಗ ಯಾವತ್ತೂ ಒಳ್ಳೆಯವನೇ. ಅದೇ ತಾನೇ ಗೋಳು.

ಬೇಡ ಚೂಟಿ. ನನ್ನ ಮಾತು ಕೇಳು.

ಹೆದರಿರುವ,
ಅಪ್ಪ


ಫೆಬ್ರವರಿ 4

ಅಪ್ಪಾ!

ನಿನಗೆ ಏನಾದರೂ ತಲೆಗೆ ಹತ್ತಿದೆಯಾ? ದೀಪ ಆರಿದ್ದು ಫ್ಯೂಸ್ ಸುಟ್ಟಿದ್ದಕ್ಕೆ. ಲಿಫ್ಟ್ ನಿಂತದ್ದೂ ಅದಕ್ಕೇ. ಗಂಟೆ ಕೆಟ್ಟು ಎಷ್ಟೋ ಕಾಲವಾಗಿತ್ತು, ಕಟ್ಟಡದವರು ಸೋಮಾರಿಗಳು. ಗಾಜು ಕೈತಪ್ಪಿದರೆ ಒಡೆಯುತ್ತದೆ, ಗಾಜಿಗೆ ಗೊತ್ತಿರುವುದು ಅದೊಂದೇ ಕೆಲಸ. ಇನ್ನು ಕೊನೆಯ ಸಾಲು ಯಾರಿಗೂ ಕಾಣುವುದಿಲ್ಲ ಮಾರಾಯ, ಅದಕ್ಕೇ ಅದನ್ನು ಅಷ್ಟು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ!

ಅವನಿಗೂ ನಿನ್ನ ಪತ್ರ ಓದಿ ಹೇಳಿದೆ. ನಗುತ್ತಾನೆ ಅಂದುಕೊಂಡಿದ್ದೆ. ನಗಲಿಲ್ಲ. "ಮಗಳ ಪತ್ರ ಇಷ್ಟು ಗಮನ ಇಟ್ಟು ಓದೋ ಅಪ್ಪನ ಮೇಲೆ ಹೇಗೆ ಸಿಟ್ಟು ಮಾಡ್ಕೊಳ್ಳಲಿ?" ಅಂದ. ನೋಡಿದೆಯಾ ಎಂಥವನು ಅಂತ?

ಈಗ ಗಂಭೀರವಾದ ಮಾತು. ಬೇರೆ ಊರಿನಲ್ಲಿ ಅವನದೇ ಅಂಗಡಿ ತೆರೆಯುವ ಅವಕಾಶ ಬಂದಿದೆ. ಮಾರ್ಚ್ ಮಧ್ಯದಲ್ಲಿ ಹೊರಡಬೇಕು. ನಾನು ಹೆಂಡತಿಯಾಗಿ ಬರುತ್ತೇನೋ ಇಲ್ಲವೋ ಅಂತ ಅಷ್ಟರೊಳಗೆ ಅವನಿಗೆ ತಿಳಿಯಬೇಕು. ನಿನ್ನ ನಾಟಕದ ಹುಡುಗಿಯ ಹಾಗೆ ದೋಣಿ ಬಿಚ್ಚಿಕೊಂಡು ಓಡುವವಳು ನಾನಲ್ಲ. ಇಲ್ಲೇ ಬಾಗಿಲಲ್ಲಿ ನಿಂತು ಕೇಳುತ್ತಿದ್ದೇನೆ. ನೀನು ಹೂಂ ಅನ್ನದೆ ನಾನು ಹೋಗುವುದಿಲ್ಲ, ಹೂಂ ಅನ್ನಿಸದೆ ನಿನ್ನನ್ನು ಬಿಡುವುದೂ ಇಲ್ಲ.

ಬಾಗಿಲಿಗೆ ಅಡ್ಡ ನಿಂತಿರುವ,
ಚೂಟಿ


ಫೆಬ್ರವರಿ 11

ಚೂಟಿ,

ಇಲ್ಲಿ ಆಟ ಕಿಕ್ಕಿರಿದು ನಡೆಯುತ್ತಿದೆ! ಮೊದಲ ದಿನ ನಾನು ದಡದಲ್ಲಿ ನಿಂತು ಕೂಗಿದ ಕೂಗಿಗೆ ಟಿಕೆಟ್ ಹರಿಯುವವನೂ ಅತ್ತನಂತೆ. ಹೊಸ ನಾಯಕ ಇನ್ನೂ ಎಳಸು, ಮಾತು ಮರೆತರೆ ನೇರವಾಗಿ ನನ್ನ ಮುಖ ನೋಡುತ್ತಾನೆ. ನಾಯಕಿ ಹುಡುಗಿ ಮಾತ್ರ ಬೆಂಕಿ. ಒಂದು ಕಾಲು ದೋಣಿಯಲ್ಲಿಟ್ಟು ಮನೆಯ ಕಡೆ ತಿರುಗಿ ನೋಡುತ್ತಾಳಲ್ಲ, ಆಗ ನಾನು ಪರದೆಯ ಮರೆಯಲ್ಲಿ ಉಗುರು ಕಚ್ಚುತ್ತಿರುತ್ತೇನೆ.

ನಿನ್ನ ವಿಷಯ ಮರೆತಿಲ್ಲ. ಇಷ್ಟು ದೊಡ್ಡ ಮಾತಿಗೆ ಅವಸರ ಮಾಡಬಾರದು. ಈ ಊರಿನ ಆಟ ಮುಗಿಯಲಿ, ಆಮೇಲೆ ನೋಡೋಣ.

ಆಶೀರ್ವಾದಗಳೊಂದಿಗೆ,
ಅಪ್ಪ


ಮಾರ್ಚ್ 2

ಚೂಟಿ,

ಪತ್ರವಿಲ್ಲ. ಅಂಚೆಯವನನ್ನು ದಿನಾ ಕೇಳಿ ಕೇಳಿ, ಈಗ ಅವನು ನನ್ನನ್ನು ಕಂಡರೆ ಸೈಕಲ್ಲನ್ನು ಬೇರೆ ಬೀದಿಗೆ ತಿರುಗಿಸುತ್ತಾನೆ. ಸಿಟ್ಟಿದ್ದರೆ ಬೈದು ಬರೆ. ನಿನ್ನ ಬೈಗುಳಕ್ಕೆ ನನ್ನ ಕಿವಿ ಕಾದಿದೆ. ಬರೆಯದೆ ಇರಬೇಡ.

ಅಪ್ಪ


ಮಾರ್ಚ್ 9

ರೀ,

ಇವತ್ತು ನಾನೇ ಬರೆಯುತ್ತಿದ್ದೇನೆ. ನಿಮ್ಮ ಹಾಗೆ ಉದ್ದಕ್ಕೆ ಬರೆಯಲು ನನಗೆ ಬರುವುದಿಲ್ಲ.

ಅವಳು ಕೆಲಸಕ್ಕೆ ಹೋಗುತ್ತಾಳೆ, ಬರುತ್ತಾಳೆ. ಕೈಯ ಗ್ರೀಸ್ ತೊಳೆದುಕೊಂಡು ಕಿಟಕಿಯ ಹತ್ತಿರ ಕೂರುತ್ತಾಳೆ. ನಿಮ್ಮ "ಆಮೇಲೆ ನೋಡೋಣ" ಬಂದ ದಿನದಿಂದ ಹೀಗೇ. ಹುಡುಗ ಬರುವ ಶನಿವಾರ ಹೊರಡುತ್ತಾನೆ. ತನಗೆ ಬರಲಾಗುವುದಿಲ್ಲ ಅಂತ ಇವಳು ಅವನಿಗೆ ಹೇಳಿಬಿಟ್ಟಿದ್ದಾಳಂತೆ. ಅವನು ನಿನ್ನೆ ಮನೆಗೆ ಬಂದು, ನನ್ನ ಹಳೆಯ ಕನ್ನಡಕದ ಸಡಿಲವಾದ ಕಾಲು ಸರಿಮಾಡಿ ಕೊಟ್ಟು ಹೋದ. ಮೆಟ್ಟಿಲಿಳಿಯುವಾಗ ಎರಡು ಸಲ ಎಡವಿದ.

ಅಪಶಕುನ ಅಂತೀರಲ್ಲ, ನಮ್ಮ ಮದುವೆ ನೆನಪಿದೆಯಾ? ಬರುವಾಗ ನಿಮ್ಮ ಗಾಡಿ ಕೆಟ್ಟಿತು. ಸಭಾಂಗಣದಲ್ಲಿ ಕರೆಂಟು ಹೋಯಿತು. ನನ್ನ ಚಪ್ಪಲಿಯ ಬಾರು ಕಿತ್ತು ಬಂತು. ಅಷ್ಟು ದೊಡ್ಡ ನಟನಿಗೆ ಆವತ್ತೇ ಗಂಟಲು ಕಟ್ಟಿ, ಬಂದವರಿಗೆಲ್ಲ ಕೈಸನ್ನೆ ಮಾಡಿದಿರಿ. ಅಲ್ಲಿಂದ ಇಲ್ಲಿಯವರೆಗೆ ನಾವಿಬ್ಬರೂ ಜಗಳವಾಡಿಕೊಂಡು ಚೆನ್ನಾಗೇ ಇದ್ದೇವೆ. ಕೊನೆ ಕೆಟ್ಟಿದ್ದರೆ ಮಾತ್ರ ಜನ ಹಿಂದಕ್ಕೆ ಹೋಗಿ ಅಪಶಕುನ ಹುಡುಕುತ್ತಾರೆ. ಚೆನ್ನಾಗಿ ಬಾಳಿದವರ ಕಿತ್ತ ಚಪ್ಪಲಿ ಯಾರಿಗೂ ನೆನಪಿರುವುದಿಲ್ಲ.

ನೀವು ಹೆದರಿರುವುದು ಗಾಜು ಒಡೆದದ್ದಕ್ಕಲ್ಲ. ಅವಳು ದೂರ ಹೋಗುತ್ತಾಳೆ ಅಂತ. ನನಗೂ ಹೆದರಿಕೆಯೇ. ಆದರೆ ನೀವು ಶನಿವಾರ ಕಳೆದ ಮೇಲೆ ಹೂಂ ಅಂದರೆ, ಅದು ನಿಮ್ಮ ನಾಟಕದಲ್ಲಿ ಕೂಗಿದ ಹಾಗೇ ಆಗುತ್ತದೆ. ಕೇಳಿಸಿಕೊಳ್ಳಲು ಯಾರೂ ಇರುವುದಿಲ್ಲ.

ನಿಮ್ಮವಳು


ಮಾರ್ಚ್ 13, ತಂತಿ

ಒಪ್ಪಿದ್ದೇನೆ ಮಕ್ಕಳೇ ದಡಕ್ಕೆ ಬನ್ನಿ — ಅಪ್ಪ


ಮಾರ್ಚ್ 13

ಚೂಟಿ, ನನ್ನ ಚೂಟಿ,

ತಂತಿ ಕಳಿಸಿ ಈಗಷ್ಟೇ ಬಂದೆ. ನಿನ್ನೆ ನಡೆದದ್ದನ್ನು ಬರೆಯದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ.

ನಿಮ್ಮಮ್ಮನ ಪತ್ರ ಬಂದದ್ದು ನಿನ್ನೆ ಸಂಜೆ, ಮುಖಕ್ಕೆ ಬಣ್ಣ ಹಚ್ಚುತ್ತಿರುವಾಗ. ಓದಿದೆ. ಗಡ್ಡ ಅಂಟಿಸುವವನು "ಅಲುಗಾಡಬೇಡಿ" ಅಂತ ಬೈಯುತ್ತಿದ್ದ, ನನಗೆ ಗಲ್ಲ ನಿಲ್ಲುತ್ತಿರಲಿಲ್ಲ. ಮೊದಲ ಅಂಕದಲ್ಲಿ ದೋಣಿಯ ತಳ ತಟ್ಟಿದೆ. "ಇರಲಿ, ನಾಳೆ ನೋಡೋಣ" ಅಂದೆ. ಜೀವನದಲ್ಲೇ ಅಷ್ಟು ಹಗುರವಾಗಿ ಹೇಳಿರಲಿಲ್ಲ, ಯಾಕೆಂದರೆ ಬಾಯಿಂದ ಹೊರಬರುತ್ತಿದ್ದ ಹಾಗೇ ಅದು ನಾನು ನಿನಗೆ ಬರೆದ ಮಾತು ಅಂತ ಹೊಳೆಯಿತು. ಜನರ ಉಸಿರು ಸಿಕ್ಕಿಕೊಂಡಿತು. ನನ್ನದೂ ಸಿಕ್ಕಿಕೊಂಡಿತು.

ಕೊನೆಯ ದೃಶ್ಯ. ಮೊದಲ ಗಂಟೆಗೆ ನಾಯಕ ನಾಯಕಿ ಇಬ್ಬರೂ ದಡಕ್ಕೆ ಬರಬೇಕು, ಎರಡನೆಯದಕ್ಕೆ ಹಗ್ಗ ಎಳೆಯುವವರು ಗಾಲಿಯ ದೋಣಿಯನ್ನು ಎಳೆದುಕೊಂಡು ಹೋಗಬೇಕು. ಎಲ್ಲ ಮುಗಿದು ಮೂರನೇ ಗಂಟೆ ಆದ ಮೇಲೆ ನಾನು. ಮೊದಲ ಗಂಟೆ ಆಯಿತು. ಅವರು ಬಂದರು. ನೀಲಿ ಬಟ್ಟೆಯ ಅಲೆಗಳು ಏಳತೊಡಗಿದವು. ಆ ಹುಡುಗಿ ಒಂದು ಕಾಲು ದೋಣಿಯಲ್ಲಿಟ್ಟು ಮನೆಯ ಕಡೆ ತಿರುಗಿ ನೋಡಿದಳು.

ಆಮೇಲೆ ನನಗೆ ಗೊತ್ತಿರುವುದು ಇಷ್ಟೆ: ನಾನು ರಂಗದ ಮಧ್ಯದಲ್ಲಿದ್ದೆ. ಎರಡೂ ಕೈ ಮೇಲೆತ್ತಿದ್ದೆ. "ಒಪ್ಪಿದ್ದೇನೆ ಮಕ್ಕಳೇ, ದಡಕ್ಕೆ ಬನ್ನಿ!" ಅಂತ ಕಟ್ಟಡ ಬಿರಿಯುವ ಹಾಗೆ ಕೂಗಿದ್ದೆ.

ಅವರೋ, ಇನ್ನೂ ದಡದಲ್ಲೇ ಇದ್ದಾರೆ!

ಹಗ್ಗದವರು ಹಗ್ಗ ಬಿಟ್ಟರು. ಅಲೆ ಅಲ್ಲಾಡಿಸುವವರು ಬಾಯಿ ಬಿಟ್ಟುಕೊಂಡು ನಿಂತದ್ದಕ್ಕೆ ಹೊಳೆ ಪೂರ್ತಿ ನಿಂತುಹೋಯಿತು. ಮರೆಯಲ್ಲಿ ಮಾತು ಹೇಳಿಕೊಡುವವನು ಪುಸ್ತಕದ ಹಾಳೆಗಳನ್ನು ಪಟಪಟ ಮಗುಚುವುದು ನನಗೆ ಕೇಳುತ್ತಿತ್ತು. ಪಾಪ, ಅವನಿಗೆ ಏನು ಸಿಗಬೇಕು? ಅಲ್ಲಿಂದ ಮುಂದೆ ಬದುಕಿ ಉಳಿದವರು ಏನು ಮಾತಾಡಬೇಕು ಅಂತ ಯಾರೂ ಬರೆದೇ ಇಲ್ಲ. ನಾಯಕಿ ಹುಡುಗಿ ಕಲ್ಲಾಗಿದ್ದಾಳೆ. ನಾಯಕ ರೂಢಿಯಂತೆ ನನ್ನ ಮುಖ ನೋಡಿದ. ನನ್ನ ಮುಖದಲ್ಲಿ ಧಾರಾಕಾರ ನೀರು. ಎಳಸು ಹುಡುಗ ಎಂಜಲು ನುಂಗಿ ಬಾಯಿ ತೆರೆದ.

"ಊಟ ಆಯ್ತಾ ಮಾವ?" ಅಂದ.

ನಾನು ಅಂದೆ, "ನಿಮ್ಮನ್ನ ಬಿಟ್ಟು ಹೇಗಪ್ಪಾ ಮಾಡ್ಲಿ?" ಅಷ್ಟೇ, ಜನ ಎದ್ದು ನಿಂತರು. ಕುರ್ಚಿಗಳು ಹಿಂದಕ್ಕೆ ಬಿದ್ದವು. ಶಿಳ್ಳೆ, ಚಪ್ಪಾಳೆ, ಅಳು, ಎಲ್ಲ ಒಟ್ಟಿಗೆ. ಮುಂದಿನ ಸಾಲಿನ ಒಬ್ಬ ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, "ಮೊದಲು ಆ ದೋಣಿಗೆ ಡಾಂಬರು ಬಳಿಯಪ್ಪಾ!" ಅಂತ ಕೂಗಿದಳು. ಪರದೆ ಎಳೆಯುವವನಿಗೆ ಯಾವಾಗ ಎಳೆಯಬೇಕು ಅಂತಲೇ ತಿಳಿಯದೆ, ನಾವು ಮೂವರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಎಷ್ಟೋ ಹೊತ್ತು ಹಾಗೇ ನಿಂತಿದ್ದೆವು.

ಮಾಲೀಕರು ಬಂದು ಗಂಟಲು ಹರಿಯುವ ಹಾಗೆ ಬೈದರು. ಗಂಟೆಯ ಲೆಕ್ಕ ತಪ್ಪಿತು ಅಂತ ಸುಳ್ಳು ಹೇಳಿದೆ. ಲೆಕ್ಕ ತಪ್ಪಿರಲಿಲ್ಲ ಮಗಳೇ. ಕಾಯಲು ಆಗಲಿಲ್ಲ.

ನಿಮ್ಮಮ್ಮ ಬರೆದದ್ದು ನಿಜ. ನಾನು ಹೆದರಿದ್ದು ಗಾಜಿಗಲ್ಲ. ನೀನಿಲ್ಲದ ಮನೆಗೆ ಬಂದು ಚೀಲ ಇಳಿಸುವುದು ಹೇಗೆ ಅಂತ. ಅದನ್ನು ಹೇಳಲು ನಾಚಿಕೆಯಾಗಿ ವಿಧಿಯ ಮೇಲೆ ಹಾಕಿದೆ. ನಿನ್ನ ಕನ್ನಡಕದವನಿಗೆ ಹೇಳು, ನಾನು ಒಪ್ಪಿದ್ದೇನೆ, ಮನಸಾರೆ ಒಪ್ಪಿದ್ದೇನೆ. ತಂತಿ ಶನಿವಾರಕ್ಕೆ ಮೊದಲು ತಲುಪಿದರೆ ಸಾಕು, ಇನ್ನೇನೂ ಬೇಡ.

ಕಾಲು ನೆಲದ ಮೇಲೆ ನಿಲ್ಲದ,
ಅಪ್ಪ


ಮಾರ್ಚ್ 17

ಅಪ್ಪಾ ಅಪ್ಪಾ ಅಪ್ಪಾ!

ತಲುಪಿತು! ಶನಿವಾರ ಬೆಳಗ್ಗೆ ನಾನು ಕೆಲಸಕ್ಕೆ ಹೊರಟಿದ್ದೆ. ತಂತಿ ಓದಿ ಅಮ್ಮ, "ತಂತಿಯಲ್ಲೂ ನಾಟಕದ ಮಾತೇ! ಇವರಿಗೆ ತಲೆ ಪೂರ್ತಿ ಕೆಟ್ಟಿತು ಕಣೇ" ಅಂತ ಅಳಲು ಶುರುಮಾಡಿದಳು. ನನಗೆ ಮಾತ್ರ ಮೊದಲ ಪದಕ್ಕೇ ಅರ್ಥವಾಯಿತು. ಹೇಗೆ ಓಡಿದೆ ಗೊತ್ತಾ, ಸಲಕರಣೆಯ ಚೀಲ ಹೆಗಲ ಮೇಲೇ ಇತ್ತು, ಬೀದಿಯುದ್ದಕ್ಕೂ ಖಣಖಣ!

ಅವನು ಗಾಜಿನ ಪೆಟ್ಟಿಗೆಗಳಿಗೆ ಹುಲ್ಲು ತುಂಬಿ ಹಗ್ಗ ಬಿಗಿಯುತ್ತಿದ್ದ. ತಂತಿ ಕೈಗೆ ಕೊಟ್ಟೆ. ಕನ್ನಡಕ ತೆಗೆದು ಒರೆಸಿದ, ಓದಿದ, ಮತ್ತೆ ಒರೆಸಿದ. "ಇದು ಹೂಂ ಅಂತ ತಾನೇ?" ಅಂದ. "ಹೂಂ" ಅಂದೆ. ಆಮೇಲೆ ಅವನು ಹಗ್ಗ ಕಟ್ಟಿದ ಪೆಟ್ಟಿಗೆಯ ಮೇಲೆ ಕೂತು ಅತ್ತ. ನಾನೂ ಕೂತೆ. ಪೆಟ್ಟಿಗೆ ಗಟ್ಟಿಯಾಗಿತ್ತು, ಒಳಗೇನೂ ಒಡೆಯಲಿಲ್ಲ, ಚಿಂತೆ ಮಾಡಬೇಡ!

ಅವನು ಅಂಗಡಿ ತೆರೆಯಲು ಹೋಗಿದ್ದಾನೆ. ಮದುವೆ ಏಪ್ರಿಲ್ ಮೊದಲ ಸೋಮವಾರ, ಬೆಳಗ್ಗೆ. ನಾನು ಆ ಊರಿಗೆ ವರ್ಗ ಕೇಳಿದ್ದೇನೆ. ಅಲ್ಲೂ ಲಿಫ್ಟುಗಳು ಕೆಡುತ್ತವಂತೆ, ದೇವರು ದೊಡ್ಡವನು.

ನಿನ್ನ ಪತ್ರ ನಿನ್ನೆ ಬಂತು. ಅಮ್ಮ ಅದನ್ನು ಎರಡು ಸಲ ಜೋರಾಗಿ ಓದಿಸಿದಳು, ಮಾವ ಅಂದ ಕಡೆ ಎರಡು ಸಲವೂ ಎದ್ದು ಒಳಗೆ ಹೋದಳು.

ಈಗ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡ. ಯಾವುದಕ್ಕೂ ನೀನು ಹೊತ್ತಿಗೆ ಸರಿಯಾಗಿ ಬಂದವನಲ್ಲ. ಶಾಲೆಯಲ್ಲಿ ನನಗೆ ಬಹುಮಾನ ಬಂದಾಗ, ಕುರ್ಚಿ ಮಡಚಿಟ್ಟ ಮೇಲೆ ಬಂದು ಖಾಲಿ ಮೈದಾನದಲ್ಲಿ ಒಬ್ಬನೇ ಚಪ್ಪಾಳೆ ತಟ್ಟಿದ್ದೆ. ಆಟ ಇರುತ್ತದೆ, ಮಾಲೀಕರು ಬಿಡುವುದಿಲ್ಲ, ಎಲ್ಲ ನನಗೆ ಗೊತ್ತು. ಆದರೂ ಈ ಸಲ ನಿನ್ನ ಚಪ್ಪಾಳೆ ನನಗೆ ಹೊತ್ತಿಗೆ ಸರಿಯಾಗಿ ಬೇಕು. ನಿನ್ನ ಒಪ್ಪಿಗೆ ಬಂತು, ಈಗ ನೀನು ಬಾ.

ದಡ ಮುಟ್ಟಿದವಳು,
ಚೂಟಿ


ಏಪ್ರಿಲ್ 1

ಚೂಟಿ,

ರೈಲ್ವೆ ನಿಲ್ದಾಣದ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೆಂಚನ್ನು ಬೈದುಕೋ.

ಇಲ್ಲಿ ದೊಡ್ಡ ರಾದ್ಧಾಂತವಾಯಿತು. ಆವತ್ತಿನ ಆಟದ ಸುದ್ದಿ ಊರೆಲ್ಲ ಹಬ್ಬಿ, ಮಾರನೆಯ ದಿನ ಟಿಕೆಟ್ ಕಿಟಕಿಯ ಮುಂದೆ ನೂಕುನುಗ್ಗಲು. ಬೈದ ಮಾಲೀಕರೇ ಬಂದು ನನ್ನ ಹೆಗಲ ಮೇಲೆ ಕೈಹಾಕಿ, "ಇನ್ಮೇಲೆ ದಿನಾ ಬೇಗ ಬಂದುಬಿಡಿ. ಊಟದ ಮಾತೂ ಇರಲಿ" ಅಂದರು. ಎಲ್ಲರೂ ಕುಣಿದರು. ನಾನು ಆಗುವುದಿಲ್ಲ ಅಂದೆ.

ಯಾಕೆ ಅಂತ ಕೇಳಿದರು. ನನಗೂ ಆವರೆಗೆ ಗೊತ್ತಿರಲಿಲ್ಲ, ಹೇಳುತ್ತಾ ಹೇಳುತ್ತಾ ಗೊತ್ತಾಯಿತು. "ಸ್ವಾಮಿ, ಕೆಳಗೆ ಕೂತವರಲ್ಲಿ ನನ್ನಂಥ ಅಪ್ಪಂದಿರು ಎಷ್ಟು ಜನ ಇರ್ತಾರೋ. ನಾನು ರಂಗದ ಮೇಲೆ ತಡ ಮಾಡಿದ್ರೆ ಅವರು ಮನೆಗೆ ಬೇಗ ಹೋಗ್ತಾರೆ. ನಾನೇ ಬೇಗ ಬಂದುಬಿಟ್ರೆ, ಎಲ್ಲ ಸರಿಹೋಯ್ತು ಅಂತ ಅಲ್ಲೇ ಎಲೆ ಅಡಿಕೆ ಹಾಕ್ಕೊಂಡು ಕೂತಿರ್ತಾರೆ" ಅಂದೆ. ಮಾಲೀಕರಿಗೂ ಒಬ್ಬ ಮಗನಿದ್ದಾನೆ. ಮಾತು ಬಿಟ್ಟು ವರ್ಷಗಳಾಗಿವೆ ಅಂತ ಕೇಳಿದ್ದೆ. ಆ ಮಧ್ಯಾಹ್ನ ಅವರು ಅಂಚೆ ಕಚೇರಿಯ ಕಡೆ ಹೋದದ್ದನ್ನು ನಾಯಕ ನೋಡಿದನಂತೆ.

ಆವತ್ತಿನಿಂದ ಮತ್ತೆ ಮೂರನೇ ಗಂಟೆಗೇ ಬರುತ್ತಿದ್ದೇನೆ. ಖಾಲಿ ದೋಣಿ ಬರುತ್ತದೆ, ಎಲ್ಲರೂ ಅಳುತ್ತಾರೆ. ನಾನೂ ಅಳುತ್ತೇನೆ, ಒಳಗೊಳಗೇ ಮಾತ್ರ ಮದುವೆಗೆ ಯಾವ ಅಂಗಿ ಹಾಕಿಕೊಳ್ಳಲಿ ಅಂತ ಯೋಚಿಸುತ್ತಿರುತ್ತೇನೆ. ನಿಮ್ಮಪ್ಪ ಇಷ್ಟು ಚೆನ್ನಾಗಿ ಯಾವತ್ತೂ ನಟಿಸಿರಲಿಲ್ಲ.

ರಜೆ ಕೇಳಿದೆ. ಮಾಲೀಕರು ಶನಿವಾರದ ರೈಲಿಗೆ ಹೋಗಿ ಅಂದರು. ಶನಿವಾರ ಬೇಡ, ಇವತ್ತೇ ಹೋಗುತ್ತೇನೆ ಅಂದೆ. "ಇಷ್ಟು ಮುಂಚೆ ಹೋಗಿ ಏನ್ರೀ ಮಾಡ್ತೀರಾ?" ಅಂದರು. ಏನು ಮಾಡುತ್ತೇನೋ ಗೊತ್ತಿಲ್ಲ. ನಿಮ್ಮ ಕಾಲಿಗೆ ಅಡ್ಡ ಸಿಗುತ್ತೇನೆ, ಅಮ್ಮನ ಹತ್ತಿರ ಬೈಸಿಕೊಳ್ಳುತ್ತೇನೆ. ಮೊದಲೇ ಬಂದು ನನಗೆ ಅಭ್ಯಾಸವಿಲ್ಲವಲ್ಲ, ಸ್ವಲ್ಪ ತಾಲೀಮು ಬೇಕು.

ರೈಲು ಬಂತು. ಪತ್ರವನ್ನು ಇಲ್ಲೇ ಅಂಚೆ ಪೆಟ್ಟಿಗೆಗೆ ಹಾಕುತ್ತೇನೆ, ಅದು ನಿಧಾನವಾಗಿ ಬರಲಿ. ನೀನು ಇದನ್ನು ಓದುವ ಹೊತ್ತಿಗೆ ನಾನು ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿರುತ್ತೇನೆ. ಎಬ್ಬಿಸಬೇಡ.

ನಿನ್ನ,
ಅಪ್ಪ